ಬಂದ್ ಬಿದ್ದ ವಾಚಿನ ಜಗಳ

ಹೋದ ಗುರುವಾರ ಜಮಖಂಡಿಯ ಪೇಟೆಯಲ್ಲಿ, ಹತ್ತು ಮಂದಿಯ ಎದುರು, ಗಡಿಯಾರ ರಿಪೇರಿ ಮಾಡುವ ಒಬ್ಬ ಹಿರಿಯರನ್ನು ನಾನು ಮೋಸಗಾರ ಎಂದು ಕರೆದೆ.

ಸಣ್ಣ ದನಿಯಲ್ಲಲ್ಲ. ನನಗೆ ಸಣ್ಣ ದನಿ ಎಂಬುದೇ ಇಲ್ಲ. ಪಕ್ಕದ ಭಾಂಡೆ-ಪಾತ್ರೆ ಅಂಗಡಿಯವರು ಹೊರಗೆ ಬಂದು ನಿಂತರು. ಎದುರಿಗೆ ಚಹಾ ಕುಡಿಯುತ್ತಿದ್ದವರು ಕಪ್ಪು ಹಿಡಿದುಕೊಂಡೇ ರಸ್ತೆ ದಾಟಿದರು. ಜಗಳ ನೋಡಲು ನಮ್ಮ ಕಡೆ ಯಾರನ್ನೂ ಕರೆಯಬೇಕಾಗಿಲ್ಲ.

ಆ ಹಿರಿಯರು ಮೋಸಗಾರರಲ್ಲ. ಇದು ನನಗೆ ಐದು ನಿಮಿಷದ ನಂತರ ತಿಳಿಯಿತು. (ನನ್ನ ಮರ್ಯಾದೆ ಹೋದ ಸುದ್ದಿಯನ್ನು ಬೇರೆಯವರು ಹೇಳುವ ಮೊದಲು ನಾನೇ ಬರೆದುಬಿಟ್ಟರೆ ಈ ವಾರದ ಕಾಲಂ ಆದರೂ ತುಂಬುತ್ತದೆ.)

ಮೊದಲಿನಿಂದ ಹೇಳುತ್ತೇನೆ.

ನಮ್ಮಪ್ಪ ಬನಹಟ್ಟಿಯಲ್ಲಿ ಪವರ್‌ಲೂಮ್ ಜಾಬರ್. ಅಂದರೆ ಕೆಟ್ಟು ನಿಂತ ಮಗ್ಗವನ್ನು ಮತ್ತೆ ನಡೆಸುವ ಮನುಷ್ಯ. ಮೊದಲು ಮಂದಿಯ ಶೆಡ್ಡಿನಲ್ಲಿ ದುಡಿದ. ಆಮೇಲೆ ನಮ್ಮದೇ ಶೆಡ್ಡಿನಲ್ಲಿ. ಏಳನೇ ತರಗತಿಗೆ ಶಾಲೆ ಬಿಟ್ಟು, ಮಗ್ಗದ ಮುಂದೆ ನಿಂತು ನಿಂತು, ನಾನು ಕಟ್ಟಿದ ಶೆಡ್ಡು ಅದು. ಹನ್ನೆರಡು ಮಗ್ಗ. (ಯಾರೂ ಕೇಳದಿದ್ದರೂ ಹೇಳುವುದು ನನ್ನ ಚಟ.)

ಈ ತಿಂಗಳು ಅಪ್ಪ, "ಇನ್ನ ಸಾಕಪಾ, ಕಾಲಾಗ ತ್ರಾಣ ಇಲ್ಲ" ಎಂದು ನಟ್ಟು ಬಿಗಿಯುವ ಪಾನಾ ನನ್ನ ಕೈಗಿಟ್ಟ.

ಕೊಡುವಾಗ ಅವನ ಎಡಗೈ ನೋಡಿದೆ. ಖಾಲಿ. ಐವತ್ತು ವರ್ಷ ಖಾಲಿ. ಶೆಡ್ಡಿನ ಕಾಯ್ದೆಯೇ ಹಾಗೆ. ಮಗ್ಗಕ್ಕೆ ಕೈ ಹಾಕುವವನ ಕೈಯಲ್ಲಿ ವಾಚಿರಬಾರದು, ಉಂಗುರ ಇರಬಾರದು, ದೇವರ ದಾರವೂ ಇರಬಾರದು. ವಾಚಿನ ಬಕ್ಕಲ್ ಹೋಗಿ ಬಿಗಿದ ಎಳೆಗಳಿಗೆ ಸಿಕ್ಕಿತೆಂದರೆ ಒಂದೇ ಏಟಿಗೆ ಒಂದು ಮುಷ್ಟಿ ಎಳೆ ಹರಿಯುತ್ತವೆ. ಅವನ್ನು ಗಂಟು ಹಾಕುತ್ತ ಕೂತರೆ ಅರ್ಧ ದಿನ ಹೋಯಿತು.

ಆ ಖಾಲಿ ಕೈಗೆ ಒಂದು ವಾಚು ಕಟ್ಟಬೇಕು ಅನ್ನಿಸಿತು. ಅಂಥಿಂಥದ್ದಲ್ಲ. ಕಟ್ಟೆಯ ಮೇಲೆ ಕೂತವರು "ಯಾರ ಕೊಡಿಸಿದ್ದೋ ಕಾಕಾ?" ಎಂದು ಕೇಳಬೇಕು, ಅಪ್ಪ ನನ್ನ ಹೆಸರು ಹೇಳಬೇಕು. ಖರೆ ಹೇಳಲೇ? ಹನ್ನೆರಡು ಮಗ್ಗ ಹಾಕಿದರೂ ಅಪ್ಪ ನನಗೆ ಒಮ್ಮೆಯೂ "ಛಲೋ ಮಾಡಿದಿ" ಎಂದಿಲ್ಲ. ಒಂದು ಮಗ್ಗ ಕುಂಟಿದರೆ ಮಾತ್ರ ನನ್ನ ಹೆಸರು ಅವನ ಬಾಯಲ್ಲಿ ಬರುತ್ತದೆ.

ಬೆಳಗಾವಿಯ ದೊಡ್ಡ ಶೋರೂಮಿಗೆ ಹೋದೆ. ಹೆಂಡತಿ ಸುವರ್ಣಾಳೂ ಜೊತೆಗಿದ್ದಳು. ಕೋಟು ಹಾಕಿದ ಹೆಣ್ಣುಮಗಳು ಕೈಗೆ ಬಿಳಿ ಗ್ಲೌಸ್ ಏರಿಸಿ, ಮಖಮಲ್ಲಿನ ಮೇಲೆ ಒಂದು ಫಾರಿನ್ ವಾಚು ಇಟ್ಟಳು. ಏನೇನೋ ಹೇಳಿದಳು. ಪಿಸುಗುಟ್ಟುವುದೇ ದೊಡ್ಡ ಅಂಗಡಿಯ ರೀತಿ ಇರಬೇಕು ಅಂದುಕೊಂಡು ತಲೆ ಆಡಿಸಿದೆ. ನಾನು ರೇಟು ಕೇಳಿದಾಗ ಅಂಗಡಿಯ ಎಲ್ಲರೂ ತಿರುಗಿ ನೋಡಿದರು. ಗಿರಾಕಿ ಭಾರಿ ಇದ್ದಾನೆ ಎಂಬ ಗೌರವ ಅಂತ ತಿಳಿದೆ.

ಹೊರಗೆ ಬಂದ ಮೇಲೆ ಸುವರ್ಣಾಳೇ ಬಿಡಿಸಿ ಹೇಳಿದಳು. "ಅದಕ್ಕ ಕೀಲಿ ಕೊಡೂದ ಬ್ಯಾಡಂತ್ರಿ. ಕೈ ಅಳ್ಳಾಡಿದ್ರ ತಾನ ತುಂಬಿಕೋತೈತಂತ."

"ಮತ್ತ? ಛಲೋನ ಆತಲ್ಲ!"

"ಎಲ್ಲಾ ಅದ ಮಾಡಿಕೊಂಡ್ರ ಮಾವಾರು ಏನ ಮಾಡಬೇಕ್ರಿ? ಮುಂಜಾನೆದ್ದು ಒಂದ ಮಷಿನ್ನಿಗೆ ಕೈ ಹಚ್ಚಲಿಲ್ಲಂದ್ರ ಅವರಿಗೆ ಹೊತ್ತ ಹೋಗಂಗಿಲ್ಲ. ಹಳೇದು ಕೊಡಸ್ರಿ, ದಿನಾ ಕೀಲಿ ಕೊಡೂದು."

"ನಾ ಹಳೇದು ಕೊಡಸೂದೇನ? ಮಂದಿ ಏನಂದಾರು?"

ಮಂದಿ ಏನು ಅನ್ನುತ್ತಾರೆ ಎಂಬುದನ್ನು ನಾವು ಎಷ್ಟು ಚೆಂದ ಊಹೆ ಮಾಡುತ್ತೇವಲ್ಲವೇ? ಮನೆಯವರು ಬಾಯಿಬಿಟ್ಟು ಹೇಳಿದ್ದು ಮಾತ್ರ ತಲೆಗೆ ಹೋಗುವುದಿಲ್ಲ.

ಆದರೂ ಅವಳ ಸಮಾಧಾನಕ್ಕೆ ಜಮಖಂಡಿಯ ಇಮಾಮಸಾಬ ಚಾಚಾರ (ಮೊದಲು ಹೇಳಿದ ಆ ಹಿರಿಯರೇ) ಅಂಗಡಿಗೆ ಹೋದೆ. ಅಂಗಡಿ ಅಂದರೆ ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದ ಚಾಚಾ ಒಂದು ಡಬ್ಬಿಯಿಂದ ಹಳೆಯ ವಾಚು ತೆಗೆದರು. ವಯಸ್ಸಿನಲ್ಲಿ ನನಗಿಂತ ಹಿರಿಯದು. ಹಾಲುಗೆನೆಯ ಬಣ್ಣದ ಮುಖ, ಎರಡೇ ಮುಳ್ಳು. ಸೆಕೆಂಡ್ ಮುಳ್ಳು ಇಲ್ಲವೇ ಇಲ್ಲ.

"ರೊಕ್ಕ ಆಮ್ಯಾಲೆ ನೋಡೂನ್ರಿ ಮಾಲಕ್ರ. ಒಯ್ದು ಹಿರಿಯಾರ ಕೈಗೆ ಕಟ್ರಿ. ಪಸಂದ್ ಬಂದ್ರ ಇಟಗೋರಿ" ಎಂದರು. ಶೋರೂಮಿನವರು ಶುಕ್ರವಾರದ ತನಕ ಫಾರಿನ್ ವಾಚು ತೆಗೆದಿಡುವ ಮಾತು ಕೊಟ್ಟಿದ್ದರು. ಹಳೆಯದು ಪಸಂದ್ ಬರುವುದಿಲ್ಲ ಎಂಬ ಭರವಸೆಯಲ್ಲೇ ಜೇಬಿಗೆ ಹಾಕಿಕೊಂಡೆ.

ಗುರುವಾರ ಮುಂಜಾನೆ. ಕರೆಂಟ್ ಹೋಗಿತ್ತು. ಹನ್ನೆರಡೂ ಮಗ್ಗ ನಿಂತಿದ್ದವು. ಓಣಿಯ ಎಲ್ಲ ಶೆಡ್ಡುಗಳೂ ಸುಮ್ಮನೆ. ಅಪ್ಪ ಪಡಸಾಲೆಯಲ್ಲಿ ಕೂತಿದ್ದ. ನಾನು ಕೀಲಿ ಕೊಟ್ಟು ವಾಚನ್ನು ಕಿವಿಗೆ ಹಿಡಿದೆ.

ಸದ್ದಿಲ್ಲ.

ಇನ್ನೊಂದು ಕಿವಿಗೆ ಹಿಡಿದೆ. ಅಲ್ಲೂ ಇಲ್ಲ.

"ಬಂದ್ ಬಿದ್ದೈತಿ!" ಅಂದೆ. ಒಳಗೊಳಗೇ ಖುಷಿಯಾಯಿತು. ಫಾರಿನ್ ವಾಚಿನ ದಾರಿ ಸಲೀಸಾಯಿತಲ್ಲ!

ಅಪ್ಪ ಕೈ ಚಾಚಿ ಇಸಿದುಕೊಂಡ. ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದ. "ನಡದೈತಲ್ಲೋ" ಎಂದ.

"ಯಪ್ಪಾ, ನಿನಗೇನ ತಿಳೀತೈತಿ, ಬಿಡು" ಎಂದೆ. ಅಪ್ಪನ ಕಿವಿ ಮಂದ. ಅದು ಊರಿಗೇ ಗೊತ್ತು. ಅವನ ಜೊತೆ ನಾನು ಕೂಗಿಯೇ ಮಾತಾಡುತ್ತೇನೆ. (ಎಲ್ಲರ ಜೊತೆಗೂ ಕೂಗಿಯೇ ಮಾತಾಡುತ್ತೇನೆ ಎಂಬುದು ಆಗ ನೆನಪಾಗಲಿಲ್ಲ.)

"ಇಲ್ಲಿ ಕೊಡ್ರಿ, ನಾ ನೋಡ್ತೀನಿ" ಎನ್ನುತ್ತ ಸುವರ್ಣಾ ಅಡುಗೆಮನೆಯಿಂದ ಹೊರಗೆ ಬರುವಷ್ಟರಲ್ಲಿ ವಾಚು ಮತ್ತೆ ಜೇಬಿಗೆ ಸೇರಿ, ನನ್ನ ಬೈಕು ಓಣಿ ದಾಟಿತ್ತು.

ಒಂದೆರಡು ನಿಮಿಷ ದೊಡ್ಡ ಮುಳ್ಳನ್ನು ನೋಡಿದ್ದರೆ ಮುಗಿಯುತ್ತಿತ್ತು. ಶಾಲೆ ಬಿಟ್ಟದ್ದು ಏಳನೇ ತರಗತಿಗೆ ನಿಜ, ಆದರೆ ಗಡಿಯಾರ ನೋಡಲು ಮೂರನೇ ತರಗತಿಯಲ್ಲೇ ಕಲಿಸಿದ್ದರು! ಸಿಟ್ಟು ಬಂದವನು ಮುಳ್ಳು ನೋಡುತ್ತಾನೆಯೇ?

ಆಮೇಲೆ ನಡೆದದ್ದೇ ಆ ಪೇಟೆಯ ಜಗಳ.

"ಸತ್ತ ವಾಚ್ ಕೊಟ್ಟ ಕಳಸ್ತೀರೇನ? ಬನಹಟ್ಟಿಯವರಂದ್ರ ಏನಂತ ತಿಳಿದೀರಿ? ಮೋಸಗಾರ ಮಂದಿ!" ಎಂದೆ. ಇನ್ನೂ ಒಂದೆರಡು ಮಾತು ಅಂದೆ. ಅವನ್ನು ಸಂಪಾದಕರು ಹಾಕುವುದಿಲ್ಲ.

ಚಾಚಾ ಎದ್ದು ಕೂಗಲಿಲ್ಲ. ಭೂತಗನ್ನಡಿ ತೆಗೆದಿಟ್ಟು, ವಾಚನ್ನು ಕಿವಿಗೆ ಹಿಡಿದರು. ಗೋಡೆ ಗಡಿಯಾರ ರಿಪೇರಿಗೆ ತಂದಿದ್ದ ಒಬ್ಬ ಹೆಣ್ಣುಮಗಳ ಕಡೆ ಚಾಚಿದರು. "ಯವ್ವಾ, ನೀವ ಒಂಚೂರ ನೋಡ್ರಿ."

ಆಕೆ ಕಿವಿಗೆ ಹಿಡಿದಳು. "ಟಿಕ್ ಟಿಕ್ ಅನ್ನಾಕತ್ತೈತಲ್ರಿ!"

ಕಸಿದುಕೊಂಡಂತೆ ಇಸಿದುಕೊಂಡು ನನ್ನ ಕಿವಿಗೆ ಹಿಡಿದೆ. ಸದ್ದಿಲ್ಲ. ಚಹಾ ಕಪ್ಪಿನವನೊಬ್ಬ ಕಿವಿಗೆ ಹಿಡಿದ. ಅವನಿಗೂ ಟಿಕ್ ಟಿಕ್. ಭಾಂಡೆ ಅಂಗಡಿಯವರಿಗೂ ಟಿಕ್ ಟಿಕ್. ಇಡೀ ಜಮಖಂಡಿಗೆ ಟಿಕ್ ಟಿಕ್. ನನ್ನೊಬ್ಬನ ಕಿವಿಯಲ್ಲಿ ಮಾತ್ರ ಕರೆಂಟ್ ಹೋದ ಶೆಡ್ಡು.

ಚಾಚಾ ಬಹಳ ಸಾವಕಾಶ ಹೇಳಿದರು. ನನಗೆ ತಿಳಿಯಲಿ ಅಂತ ಹತ್ತಿರ ಬಂದು, ನನ್ನ ಮುಖ ನೋಡಿ ಹೇಳಿದರು. "ನಂದ ತಪ್ಪ ಆತ್ರಿ ಮಾಲಕ್ರ. ರಬಕವಿ-ಬನಹಟ್ಟಿ ಮಗ್ಗದವರು ಬಂದ್ರ ನಾ ವಾಚ್ ಕಿವಿಗೆ ಹಿಡೀಬ್ಯಾಡ್ರಿ ಅಂತ ಮೊದಲ ಹೇಳಿ ಕಳಸ್ತೇನಿ. ಇಲ್ಲಾಂದ್ರ ವಾಚಿನ ಹೆಸರ ಕೆಡತೈತಿ. ನಿಮಗ ಹೇಳೂದು ಮರತೆ."

ನಾನು ಮೋಸಗಾರ ಅಂದವನು. ತಪ್ಪಾಯಿತು ಎಂದದ್ದು ಅವರು! ಕೈ ಮುಗಿದೆ. "ಚಾಚಾ, ಸಿಟ್ಟ ಮಾಡ್ಕೋಬ್ಯಾಡ್ರಿ" ಎಂದೆ. ಅದನ್ನೂ ಕೂಗಿಯೇ ಅಂದಿರಬೇಕು. ಚಹಾ ಕಪ್ಪಿನವರು ನಕ್ಕರು.

ಬೈಕ್ ಮೇಲೆ ಬರುವಾಗ ಒಂದೊಂದೇ ಲೆಕ್ಕ ತಾಳೆಯಾಗತೊಡಗಿತು. ಹಿಂದಿನಿಂದ ಬಂದ ಕಬ್ಬಿನ ಟ್ರ್ಯಾಕ್ಟರುಗಳು ದಿಢೀರನೆ ಪಕ್ಕಕ್ಕೇ ಬಂದು ನನ್ನನ್ನು ಹೆದರಿಸುವುದು. ಪಕ್ಕದ ಮನೆಯವರು ತಮ್ಮ ಟಿವಿ ಆರಿಸಿ ನಮ್ಮ ಟಿವಿಯಲ್ಲೇ ಸುದ್ದಿ ಕೇಳುವುದು. "ಒಮ್ಮೆ ಕಿವಿ ತೋರಸ್ರಿ" ಎಂದು ಸುವರ್ಣಾ ಎರಡು ವರ್ಷದಿಂದ ಅನ್ನುವುದು, "ನೀನ ಬಾಯಾಗ ಮಾತಾಡ್ತಿ" ಎಂದು ನಾನು ಬೈಯುವುದು.

ನಮ್ಮೂರವರು ಬಸ್ಸಿನಲ್ಲಿ ಕೂತು ಮಕ್ಕಳ ಕ್ಷೇಮಸಮಾಚಾರ ಮಾತಾಡಿದರೂ ಕಂಡಕ್ಟರ್ ಜಗಳ ಬಿಡಿಸಲು ಬರುತ್ತಾನೆ. ಅದು ನಮ್ಮ ಗತ್ತು ಅಂದುಕೊಂಡಿದ್ದೆ. ಮಗ್ಗಕ್ಕೆ ತಪ್ಪದೆ ಎಣ್ಣೆ ಬಿಡುತ್ತೇವೆ, ಪಟ್ಟಾ ಸಡಿಲಾದರೆ ಅದೇ ದಿನ ಬಿಗಿಯುತ್ತೇವೆ. ದಿನವಿಡೀ ಮಗ್ಗದ ಸದ್ದು ತಿನ್ನುವ ಕಿವಿಗೆ ಒಂದು ಅರಳೆ ಚೂರು? ಶೆಡ್ಡಿನ ತುಂಬ ನೂಲು. ಕಿವಿಗೆ ಮಾತ್ರ ನಾಚಿಕೆ.

ಮನೆಗೆ ಬಂದೆ. ಅಪ್ಪ ಕುಳಿತಲ್ಲೇ ಇದ್ದ.

"ಏನಂದ್ರೋ?"

"ನಡದೈತಂತ."

"ನಾ ಹೇಳಿದ್ನಿಲ್ಲೋ?"

"ನಿನಗ ಹ್ಯಾಂಗ ಗೊತ್ತಾತು?"

ಅಪ್ಪ ನನ್ನ ಹೆಬ್ಬೆರಳು ಹಿಡಿದು ವಾಚಿನ ಬೆನ್ನ ಮೇಲೆ ಇಟ್ಟು ಒತ್ತಿದ. "ಕಿವಿ ಬಿಡು. ಬಳ್ಳ ಇಡು. ಹಂಗ ತಡಿ."

ತಡೆದೆ. ಮೊದಲು ಏನೂ ಇಲ್ಲ. ಆಮೇಲೆ, ಅಂಗೈಯಲ್ಲಿ ಹಿಡಿದ ಕೋಳಿಮರಿಯ ಎದೆ ಬಡಿದಂತೆ, ಸಣ್ಣಗೆ, ಬಿಡದೆ, ಬಡಿಯುತ್ತಿತ್ತು.

"ನನ್ನ ಕಿವಿ ಹೋಗಿ ಮೂವತ್ತ ವರ್ಷ ಆತು. ಅವತ್ತಿಂದ ಮಗ್ಗದ ಬ್ಯಾನಿ ಕೈಲೇನ ನೋಡೇನಿ. ನಿನ್ನ ಕಿವಿನೂ ಹೋಗ್ಯಾವಂತ ನನಗ ಯಾವಾಗೋ ಗೊತ್ತು."

"ಮತ್ತ ಹೇಳಬಾರದೇನ?"

"ಹೇಳಿದ್ರ ಸಿಟ್ಟಿಗೇಳ್ತಿದ್ದಿ. ಹನ್ನೆರಡ ಮಗ್ಗದ ಮಾಲಕ!"

ಒಳಗಿನಿಂದ ಸುವರ್ಣಾ ನಕ್ಕಳಂತೆ. ನನಗೆ ಕೇಳಿಸಲಿಲ್ಲ, ಅವಳೇ ಆಮೇಲೆ ಹೇಳಿದಳು.

ಆ ಎಡಗೈಗೆ ಹಳೆಯ ವಾಚನ್ನು ನಾನೇ ಕಟ್ಟಿದೆ. ಅಪ್ಪ ಬೆಲ್ಟಿನ ತೂತು ನೋಡಿದ, ಕೀಲಿಯ ಗುಂಡಿ ನೋಡಿದ, ತಿರುಗಿಸಿ ಬೆನ್ನು ನೋಡಿದ. "ಮಷಿನ್ ಛಲೋ ಐತಿ" ಎಂದ. ನನಗಲ್ಲ, ವಾಚಿಗೆ. ಸದ್ಯಕ್ಕೆ ಅದನ್ನೇ ನನ್ನ ಲೆಕ್ಕಕ್ಕೂ ಹಾಕಿಕೊಂಡಿದ್ದೇನೆ.

ಫಾರಿನ್ ವಾಚು ಬೇಡ ಎಂದು ಹೇಳಲು ಶೋರೂಮಿಗೆ ಫೋನ್ ಮಾಡಿದೆ. ಆ ಹೆಣ್ಣುಮಗಳು ಮತ್ತೆ ಪಿಸುಗುಟ್ಟಿದಳು. ಫೋನನ್ನು ಸುವರ್ಣಾಳ ಕೈಗೆ ಕೊಟ್ಟೆ. ಆಕೆ ಪಿಸುಗುಟ್ಟುತ್ತಿರಲಿಲ್ಲವಂತೆ, ಅವತ್ತೂ, ಇವತ್ತೂ.

ಸೋಮವಾರ ಜಮಖಂಡಿಯ ಕಿವಿ ಡಾಕ್ಟರ ಹತ್ತಿರ ಹೋಗುವುದು ಎಂದು ಮನೆಯಲ್ಲಿ ಠರಾವು ಆಗಿದೆ. ನಾನು ನೆವ ಹುಡುಕುತ್ತ, "ಶೆಡ್ ಬಿಟ್ಟ ಯಾವ ಹೊತ್ತಿಗೆ ಹೋಗೂದು?" ಎಂದೆ. ಅಪ್ಪ ಹೊಸ ಗತ್ತಿನಿಂದ ಎಡಗೈ ಮುಂದೆ ಚಾಚಿದ. "ಹೊತ್ತ ನಾ ಹೇಳ್ತೇನಿ. ನೀ ಬರೇ ತಯಾರಾಗು."

ಅಂದ ಹಾಗೆ, ನಿಮ್ಮ ಮನೆಯ ಟಿವಿ ಎಷ್ಟು ಜೋರಾಗಿದೆ? ನಿಮ್ಮನ್ನಲ್ಲ, ನಿಮ್ಮ ಪಕ್ಕದ ಮನೆಯವರನ್ನು ಕೇಳುತ್ತಿದ್ದೇನೆ.