ರಾತ್ರಿಯ ಕಾಲಿಗೆ ಹಗಲಿನ ಅಳತೆ

ನಮ್ಮ ದೊಡ್ಡಮ್ಮ ಇಪ್ಪತ್ತಾರು ವರ್ಷ ಕಂಡವರ ಕಾಲು ಹಿಡಿದು ಬದುಕಿದವಳು. ಇದು ನಾನು ಕಟ್ಟಿದ ಮಾತಲ್ಲ, ಅವಳೇ ನಗುನಗುತ್ತಾ ಹೇಳಿಕೊಳ್ಳುವುದು. ಪೇಟೆಯ ನಡುವಿನ ಮೂರಂತಸ್ತಿನ ದೊಡ್ಡ ಅಂಗಡಿಯಲ್ಲಿ ಎರಡನೇ ಮಹಡಿಯ ಶೂ ವಿಭಾಗ ಅವಳದು. ಕಾಲಿನ ಅಳತೆ ತೆಗೆಯಲು ಅಲ್ಲಿ ಕಬ್ಬಿಣದ ಒಂದು ಪಟ್ಟಿ ಇದೆ, ಆದರೆ ಅದನ್ನು ಅವಳು ಮುಟ್ಟುತ್ತಿರಲಿಲ್ಲ. ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ತಾನು ಎದುರಿಗೆ ಗಿಡ್ಡನೆಯ ಮರದ ಸ್ಟೂಲಿನ ಮೇಲೆ ಕೂತು, ಅವರ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಪಾದದ ಅಂಚನ್ನು ಒಮ್ಮೆ ಸವರಿ ನಂಬರ್ ಹೇಳಿಬಿಡುತ್ತಿದ್ದಳು.

"ಏಳು. ಎಡಗಾಲು ಒಂದು ಚೂರು ದೊಡ್ಡದು ನಿಮ್ಮದು. ಅದಕ್ಕೇ ಹಳೇ ಶೂ ಎಡಗಡೆ ಬೇಗ ಸವೆದಿದೆ."

ಗಿರಾಕಿ ಕಣ್ಣುಕಣ್ಣು ಬಿಡುತ್ತಿದ್ದ. ಒಂದನೇ ತರಗತಿಯಿಂದ ಕಾಲೇಜು ಮುಗಿಯುವವರೆಗೆ ನಾನು ಹಾಕಿದ ಒಂದೊಂದು ಜೊತೆಯೂ ಹೀಗೆ ಅವಳ ಅಂಗೈ ದಾಟಿಯೇ ನನ್ನ ಕಾಲಿಗೆ ಬಂದದ್ದು. ಒಂದು ಸಲವೂ ಕಚ್ಚಲಿಲ್ಲ, ಜಾರಲಿಲ್ಲ.

ಕೆಲಸ ಸಿಗದೆ ಮನೆಯಲ್ಲಿ ಅಮ್ಮನ ಹತ್ತಿರ ದಿನಾ ಬೈಸಿಕೊಳ್ಳುತ್ತಿದ್ದ ನನ್ನನ್ನು ಆ ಅಂಗಡಿಗೆ ಸೇರಿಸಿದವಳೂ ಅವಳೇ. ನನಗೆ ಸಿಕ್ಕಿದ್ದು ನೆಲಮಹಡಿಯ ವಾಪಸಾತಿ ಕೌಂಟರು. ಕೊಂಡದ್ದು ಬೇಡವೆಂದು ಜನ ತಂದೊಪ್ಪಿಸುವ ಜಾಗ. ಅಲ್ಲಿಗೆ ನಗುಮುಖ ಹೊತ್ತು ಯಾರೂ ಬರುವುದಿಲ್ಲ. ಪ್ರತಿ ವಸ್ತುವಿಗೂ ಒಂದು ಚೀಟಿ. ಅದನ್ನು ಮಾರಿದ ನೌಕರರ ನಂಬರನ್ನು ನಾನು ತುಂಬಬೇಕು, ಕಾರಣವನ್ನು ಮಾತ್ರ ವಾಪಸು ತಂದವರೇ ತಮ್ಮ ಕೈಯಾರೆ ಬರೆಯಬೇಕು. ಇಲ್ಲದಿದ್ದರೆ ನಾವು ಬಾಯಿಗೆ ಬಂದದ್ದು ಬರೆದುಕೊಳ್ಳುತ್ತೇವೆ ಎಂದು ಅಂಗಡಿಯವರಿಗೆ ಅನುಮಾನ. ಆ ಅನುಮಾನ ಪೂರ್ತಿ ಸುಳ್ಳೇನಲ್ಲ.

ಹೋದ ವರ್ಷ, ರಜೆಗಳು ಶುರುವಾಗುವ ಮುಂಚಿನ ಖರೀದಿಯ ಸೀಸನ್ನಿನಲ್ಲಿ, ನಮ್ಮ ಅಂಗಡಿ ಮೊದಲ ಸಲ ಹನ್ನೆರಡು ದಿನ ರಾತ್ರಿ ಮೂರು ಗಂಟೆಯವರೆಗೆ ಬಾಗಿಲು ತೆರೆದಿಟ್ಟಿತು. ಜನ ಬಂದರು. ಹಗಲು ಅಂಗಡಿಯ ಮುಖವನ್ನೇ ನೋಡಲಾಗದವರೆಲ್ಲ ಬಂದರು: ಡ್ಯೂಟಿ ಮುಗಿಸಿದ ನರ್ಸುಗಳು, ಕೊನೆಯ ಬಸ್ಸು ಡಿಪೋಗೆ ಬಿಟ್ಟುಬಂದ ಡ್ರೈವರುಗಳು, ಹೋಟೆಲಿನ ಅಡುಗೆಯವರು, ಮಕ್ಕಳನ್ನು ಮಲಗಿಸಿ ಬಂದ ತಾಯಂದಿರು. ದೊಡ್ಡಮ್ಮನಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ಹಿಮ್ಮಡಿ ಹಿಡಿ, ನಂಬರ್ ಹೇಳು, ಡಬ್ಬ ಕೊಡು.

ಸೀಸನ್ ಮುಗಿದ ಮಾರನೇ ವಾರ ಶೂಗಳು ವಾಪಸು ಬರತೊಡಗಿದವು. ಒಂದೆರಡಲ್ಲ, ನನ್ನ ಬೆನ್ನ ಹಿಂದೆ ಡಬ್ಬಗಳು ಗೋಡೆಯೆತ್ತರ ಎದ್ದು ನಿಂತವು. ಕಾರಣ: ಸಡಿಲ. ಸಡಿಲ. ಹಿಮ್ಮಡಿ ನಿಲ್ಲುವುದಿಲ್ಲ. ತುಂಬಾ ಸಡಿಲ. ಒಂದೊಂದು ಚೀಟಿಯಲ್ಲೂ ಮಾರಿದವರ ಕಡೆ ದೊಡ್ಡಮ್ಮನ ನಂಬರ್ ಬರೆಯುತ್ತಾ ಹೋದೆ. ಉಂಡ ಮನೆಗೆ ಕೇಡು ಬಗೆದಂತೆ ಅನ್ನಿಸುತ್ತಿತ್ತು.

ಆಗಷ್ಟೇ ಬಂದಿದ್ದ ಹೊಸ ಮ್ಯಾನೇಜರು ಅವಳನ್ನು ಕರೆಸಿದರು. ನಾವು ಅವರಿಗೆ ಸ್ಟಾಪ್‌ವಾಚ್ ಎಂದು ಹೆಸರಿಟ್ಟಿದ್ದೆವು. ಮಾತಾಡುವಾಗ ನಮ್ಮ ಮುಖ ನೋಡುವುದಕ್ಕಿಂತ ಮಣಿಕಟ್ಟಿನ ಗಡಿಯಾರ ನೋಡುವುದೇ ಹೆಚ್ಚು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಮೂರು ಮಹಡಿ ಹತ್ತಿ ಇಳಿದು, ಎಲ್ಲರಿಗಿಂತ ಕೊನೆಗೆ ಹೋಗುವ ಮನುಷ್ಯ. ಅವರು ಕೂತದ್ದನ್ನು ನೋಡಿದವರಿಲ್ಲ.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ವಯಸ್ಸಾಯ್ತು, ಕೈ ತಪ್ತಾ ಇದೆ. ಇನ್ನೊಂದು ಸೀಸನ್ ನೋಡೋಣ. ಆಗಲೂ ಹೀಗೇ ಆದ್ರೆ ಕೆಳಗೆ ಗೋಡೌನಿಗೆ ಹೋಗಿ. ಡಬ್ಬಕ್ಕೆ ಲೇಬಲ್ ಅಂಟಿಸೋ ಕೆಲಸ, ಕೂತೇ ಮಾಡಬಹುದು," ಎಂದರು.

ಅವರ ಲೆಕ್ಕದಲ್ಲಿ ಅದು ಉಪಕಾರ. ದೊಡ್ಡಮ್ಮ ತನ್ನ ಸ್ಟೂಲಿಗೆ ವಾಪಸು ಬಂದಳು. ಅವಳಿಗೆ ಗೋಡೌನಿನ ಕತ್ತಲೆಯಾಗಲಿ ಧೂಳಾಗಲಿ ಭಯವಲ್ಲ. ಕೈ ತಪ್ಪುತ್ತಿದೆ ಅಂದರಲ್ಲ, ಆ ಮಾತು ಅವಳನ್ನು ತಿಂದುಹಾಕಿತು. ಆ ವರ್ಷವಿಡೀ ಯಾರೂ ನೋಡದಾಗ ಕಬ್ಬಿಣದ ಪಟ್ಟಿಯನ್ನು ತೆಗೆದು ತನ್ನ ಕೈಯನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದಳು.

"ಪಟ್ಟಿನೂ ಏಳು ಅನ್ನುತ್ತೆ, ಕೈನೂ ಏಳು ಅನ್ನುತ್ತೆ," ಎಂದು ಒಂದು ದಿನ ಊಟದ ಹೊತ್ತಲ್ಲಿ ನನ್ನ ಹತ್ತಿರ ಅಂದಳು. "ಹಾಗಾದ್ರೆ ಅಷ್ಟೂ ಜನಕ್ಕೆ ಸಡಿಲ ಹೇಗಾಯ್ತೇ?"



ಈ ವರ್ಷದ ಸೀಸನ್ ಬಂತು, ಮತ್ತೆ ಹನ್ನೆರಡು ರಾತ್ರಿ. ಸಂಜೆ ನಾಲ್ಕಕ್ಕೆ ಹೋಗಿ ನಡುರಾತ್ರಿ ದಾಟಿ ಬರುವ ಕೆಲಸ, ನಮ್ಮ ಮನೆ ದೂರ ಎಂದು ನಾನು ದೊಡ್ಡಮ್ಮನ ಮನೆಯಲ್ಲೇ ಉಳಿದೆ. ದೊಡ್ಡಪ್ಪ ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಪ್ರೂಫ್ ತಿದ್ದಿ ನಿವೃತ್ತನಾದವನು. ಅಚ್ಚಿನ ತಪ್ಪು ಹುಡುಕುವ ಆ ಚಾಳಿ ಮನೆಗೂ ಅಂಟಿಕೊಂಡಿದೆ. ಗೋಡೆಯ ಕ್ಯಾಲೆಂಡರ್ ಒಂದು ಎಳೆ ವಾಲಿದ್ದರೂ ಅವನಿಗೆ ನಿದ್ದೆ ಬರುವುದಿಲ್ಲ.

ಮೊದಲ ರಾತ್ರಿ ಮೂರೂವರೆಗೆ ನಾವು ಮನೆಗೆ ಬಂದಾಗ ಅವನು ಬಕೆಟ್ಟಿನಲ್ಲಿ ಬಿಸಿನೀರು ಇಟ್ಟುಕೊಂಡು ಕಾಯುತ್ತಿದ್ದ. ದೊಡ್ಡಮ್ಮ ಕುರ್ಚಿಯಲ್ಲಿ ಕುಸಿದಳು. ಬಗ್ಗಿ ಅವಳ ಚಪ್ಪಲಿಯ ಬಕಲ್ ಬಿಚ್ಚಲು ಹೋದವನು ಹಾಗೇ ನಿಂತ.

"ಏನೇ ಇದು? ಹೋಗುವಾಗ ನಾನೇ ನೋಡಿದೀನಿ, ಮೂರನೇ ತೂತಿಗೆ ಹಾಕ್ಕೊಂಡು ಹೋದೆ. ಈಗ ಕೊನೇ ತೂತಲ್ಲಿದೆ. ಆದ್ರೂ ಬಿಗಿ."

"ಹನ್ನೆರಡರ ಹೊತ್ತಿಗೆ ಕಚ್ಚೋಕೆ ಶುರುವಾಯ್ತು, ಸಡಿಲ ಮಾಡ್ಕೊಂಡೆ. ನಿಂತೂ ನಿಂತೂ ಕಾಲು ಊದಲ್ವೇನ್ರೀ..."

 ಚಪ್ಪಲಿಯನ್ನು ಕೈಗೆ ತೆಗೆದುಕೊಂಡು ದೀಪದ ಕೆಳಗೆ ಹಿಡಿದಳು. ಚಪ್ಪಲಿಯ ಪಟ್ಟಿಯಲ್ಲಿ ಎರಡು ತೂತುಗಳು ಸವೆದು ಅಗಲವಾಗಿದ್ದವು, ಮೂರನೆಯದು ಮತ್ತು ಕೊನೆಯದು. ಆಮೇಲೆ ಕಾಲನ್ನು ಮಡಿಚಿ ತನ್ನ ಹಿಮ್ಮಡಿಯನ್ನು ತಾನೇ ಅಂಗೈಯಲ್ಲಿ ಹಿಡಿದುಕೊಂಡಳು.

"ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ," ಎಂದಳು. "ಕೈ ತಪ್ಪಿಲ್ಲ ಕಣೇ. ಹೊತ್ತು ತಪ್ಪಿದೆ."

ಇಪ್ಪತ್ತೈದು ವರ್ಷ ಅವಳು ಹಿಡಿದದ್ದೆಲ್ಲ ಹಗಲಿನ ಕಾಲುಗಳನ್ನು. ಹೋದ ವರ್ಷದ ಆ ಹನ್ನೆರಡು ರಾತ್ರಿ ಅವಳ ಮುಂದೆ ಬಂದು ಕೂತದ್ದು ಹದಿನಾಲ್ಕು ಗಂಟೆ ನಿಂತು, ನಡೆದು, ಊದಿಕೊಂಡ ಕಾಲುಗಳು. ಅವಳು ಸರಿಯಾಗಿಯೇ ಅಳೆದಿದ್ದಳು. ಅದೇ ಕಾಲು ನಿದ್ದೆ ಮಾಡಿ ಎದ್ದಾಗ ಅರ್ಧ ನಂಬರ್ ಇಳಿದಿರುತ್ತಿತ್ತು, ಅಷ್ಟೇ. ಕಬ್ಬಿಣದ ಪಟ್ಟಿಗೂ ಈ ಸಂಗತಿ ಗೊತ್ತಿರಲಿಲ್ಲ, ಪಾಪ. ಮರುದಿನ ಬೆಳಿಗ್ಗೆ ಒಳ್ಳೇ ನಿದ್ದೆಯಲ್ಲಿದ್ದ ನನ್ನ ಹೊದಿಕೆ ಸರಿಸಿ ಯಾರೋ ಕಾಲು ಎಳೆದಂತಾಯಿತು. ನೋಡಿದರೆ ದೊಡ್ಡಮ್ಮ, ಹಿಮ್ಮಡಿ ಹಿಡಿದು ಒಬ್ಬಳೇ ನಗುತ್ತಿದ್ದಳು.

ಮೊದಲ ರಾತ್ರಿ ಕೊಂಡವರನ್ನೆಲ್ಲ ಬಿಲ್ಲಿನ ಫೋನ್ ನಂಬರಿಗೆ ಕರೆ ಮಾಡಿ ಕರೆಸಿ, ಬೇಕಾದವರಿಗೆ ಅರ್ಧ ನಂಬರ್ ಚಿಕ್ಕದು ಬದಲಿಸಿಕೊಟ್ಟಳು. ಎರಡನೇ ರಾತ್ರಿಯಿಂದ ಶೂ ವಿಭಾಗದ ಚಹರೆಯೇ ಬದಲಾಯಿತು. ವಾಪಸಾತಿ ಕೌಂಟರಿಗೆ ಸೀಸನ್ನಿನಲ್ಲಿ ರಜೆ, ಹಾಗಾಗಿ ನನ್ನನ್ನು ಅವಳ ಕೈಕೆಳಗೆ ಡಬ್ಬ ಎತ್ತಿಕೊಡಲು ಹಾಕಿದ್ದರು. ಗೋಡೌನಿನಿಂದ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ತರಿಸಿ ಒಂದೊಂದು ಕುರ್ಚಿಯ ಮುಂದೆ ಒಂದೊಂದನ್ನು ಬೋರಲು ಹಾಕಿಸಿದಳು. ಬಂದವರಿಗೆಲ್ಲ ಎರಡೇ ಪ್ರಶ್ನೆ: ಬೆಳಿಗ್ಗೆಯಿಂದ ಎಷ್ಟು ಹೊತ್ತು ನಿಂತಿದ್ರಿ? ಇದನ್ನ ಯಾವ ಹೊತ್ತಲ್ಲಿ ಹಾಕ್ಕೋತೀರಿ?

"ನೈಟ್ ಡ್ಯೂಟಿಗೆ," ಎಂದಳು ಒಬ್ಬ ನರ್ಸು.

"ಹಾಗಾದ್ರೆ ಈಗಿನ ಕಾಲೇ ಸರಿ. ಇದೇ ಅಳತೆ ತಗೊಳ್ಳಿ ತಾಯಿ, ಇಲ್ಲದಿದ್ರೆ ನಡುರಾತ್ರಿ ಕಚ್ಚುತ್ತೆ."

ಅವಳ ಹಿಂದೆ ಬಂದ ಬಸ್ ಡ್ರೈವರನಿಗೆ ಮಗಳ ಕಾಲೇಜಿನ ಪದವಿ ಸಮಾರಂಭಕ್ಕೆ ಹಾಕಿಕೊಳ್ಳಲು ಕಪ್ಪು ಶೂ ಬೇಕಿತ್ತು. ಸಮಾರಂಭ ಬೆಳಿಗ್ಗೆ ಒಂಬತ್ತಕ್ಕೆ.

"ಬೆಳಿಗ್ಗೆನಾ? ಹಾಗಿದ್ರೆ ಕಾಲು ಮೇಲಿಟ್ಟು ಹದಿನೈದು ನಿಮಿಷ ಕೂತ್ಕೊಳ್ಳಿ."

ಅವನು ನಾಚುತ್ತಲೇ ಪೆಟ್ಟಿಗೆಯ ಮೇಲೆ ಕಾಲು ಚಾಚಿದ. ಮೂರನೇ ನಿಮಿಷಕ್ಕೆ ಅವನ ಗೊರಕೆ ಸೂಟ್‌ಕೇಸಿನ ವಿಭಾಗದವರೆಗೂ ಕೇಳಿಸಿತು. ದೊಡ್ಡಮ್ಮ ಎಬ್ಬಿಸಲಿಲ್ಲ. ಊತ ಇಳಿದ ಮೇಲೂ ಆ ಕಾಲು ಪೂರ್ತಿ ಬೆಳಗಿನ ಕಾಲಾಗುವುದಿಲ್ಲ, ಉಳಿದ ಎಳೆಯಷ್ಟನ್ನು ಅವಳ ಹೆಬ್ಬೆರಳು ಅಂದಾಜಿನಲ್ಲಿ ಕಳೆಯುತ್ತಿತ್ತು. ಆ ಅಂದಾಜು ಸರಿಯೋ ತಪ್ಪೋ ಅವಳಿಗೂ ಗೊತ್ತಿರಲಿಲ್ಲ.

ಏಳನೇ ರಾತ್ರಿ ಒಂದು ಗಂಟೆಗೆ ಸ್ಟಾಪ್‌ವಾಚ್ ಮೇಲೆ ಬಂದರು. ಹನ್ನೊಂದು ಜನ ಸಾಲಾಗಿ ಕಾಲು ಚಾಚಿ ಕೂತಿದ್ದರು, ಅವರಲ್ಲಿ ನಾಲ್ವರು ನಿದ್ದೆಯಲ್ಲಿದ್ದರು. ಮ್ಯಾನೇಜರ ಮುಖ ಗಂಟಿಕ್ಕಿತು.

"ಏನಮ್ಮಾ ಇದು, ಅಂಗಡಿನಾ ಆಸ್ಪತ್ರೆ ವಾರ್ಡಾ? ಒಬ್ಬೊಬ್ಬರಿಗೂ ಹದಿನೈದು ನಿಮಿಷ ಅಂದ್ರೆ ಹೇಗೆ?"

"ಹೋದ ವರ್ಷ ಐದೇ ನಿಮಿಷಕ್ಕೆ ಕೊಟ್ಟು ಕಳಿಸಿದ್ದೆ ಸರ್. ಅವೆಲ್ಲ ಎಲ್ಲಿಗೆ ಬಂದವು ಅಂತ ಇವಳನ್ನ ಕೇಳಿ."

ಅವರು ನನ್ನ ಕಡೆ ನೋಡಿದರು. ನಾನು ಕೈಯಲ್ಲಿದ್ದ ಡಬ್ಬವನ್ನು ಗಮನವಿಟ್ಟು ಓದತೊಡಗಿದೆ.

ದೊಡ್ಡಮ್ಮ ತನ್ನ ಚಪ್ಪಲಿಯ ಎರಡು ತೂತುಗಳ ಕಥೆ ಹೇಳಿದಳು. ಅವರು ಅರ್ಧ ಕೇಳಿದರು, ಉಳಿದರ್ಧ ಗಡಿಯಾರ ನೋಡಿದರು.

"ಇನ್ನು ಐದು ರಾತ್ರಿ ಇದೆ ಸರ್. ನನ್ನ ಪಾಡಿಗೆ ಬಿಡಿ. ಶೂ ವಾಪಸು ಬಂದ್ರೆ ನೀವು ಹೇಳೋದೇ ಬೇಡ, ಈ ಸ್ಟೂಲನ್ನ ನಾನೇ ಎತ್ಕೊಂಡು ಗೋಡೌನಿಗೆ ಹೋಗ್ತೀನಿ."

"ಆಯ್ತು. ನೀವೇ ಹೇಳಿದ್ದೀರಿ, ನೆನಪಿರಲಿ," ಎಂದರು. ಹೊರಟವರು ಏನೋ ನೆನಪಾಗಿ ತಿರುಗಿದರು. "ನನಗೂ ಒಂದು ಜೊತೆ ಬೇಕು. ಬರೋ ವಾರ ಬೆಳಿಗ್ಗೆ ಹೆಡ್ ಆಫೀಸಲ್ಲಿ ಮೀಟಿಂಗ್ ಇದೆ."

ಅವರು ಕೂರಲಿಲ್ಲ, ಗೋಡೆ ಹಿಡಿದು ಒಂದು ಕಾಲೆತ್ತಿ ಕೊಟ್ಟರು. ದೊಡ್ಡಮ್ಮ ಹಿಮ್ಮಡಿ ಹಿಡಿದಳು.

"ಈಗ ಒಂಬತ್ತು. ಬೆಳಿಗ್ಗೆಗೆ ಎಂಟೂವರೆ. ಒಂದು ಸ್ವಲ್ಪ ಕೂತ್ಕೊಳ್ಳಿ ಸರ್, ಸರಿಯಾಗಿ ನೋಡಿಬಿಡ್ತೀನಿ."

"ಒಂಬತ್ತೇ ಕೊಡಿ."

"ನಡೆದ್ರೆ ಹಿಮ್ಮಡಿ ಎದ್ದು ಬರುತ್ತೆ ಸರ್."

"ಒಂಬತ್ತು ಅಂದೆನಲ್ಲಮ್ಮಾ."

ಒಂಬತ್ತನ್ನೇ ಕೊಟ್ಟಳು.

ಸೀಸನ್ ಮುಗಿದು ನಾನು ಮತ್ತೆ ಕೆಳಗೆ ನನ್ನ ಕೌಂಟರಿನಲ್ಲಿ ನಿಂತೆ. ಸೀಸನ್ನಿನಲ್ಲಿ ಕೊಂಡದ್ದನ್ನು ವಾಪಸು ತರಲು ಅದು ಮುಗಿದ ಮೇಲೆ ಒಂದು ವಾರದ ಗಡುವು.  ಬಾಗಿಲಲ್ಲಿ ಯಾರ ಕಂಕುಳಲ್ಲಿ ಉದ್ದನೆಯ ಡಬ್ಬ ಕಂಡರೂ ಕೊರಳು ಚಾಚಿ ನೋಡುತ್ತಿದ್ದೆ. ಒಬ್ಬರ ಡಬ್ಬದಿಂದ ಇಸ್ತ್ರಿಪೆಟ್ಟಿಗೆ ಬಂತು, ಇನ್ನೊಬ್ಬರ ಶೂ ಡಬ್ಬ ತೆರೆದರೆ ಒಳಗೆ ಮೂರು ಗಾಜಿನ ಲೋಟ. ಆ ಯಜಮಾನರನ್ನು ಅಪ್ಪಿಕೊಳ್ಳಬೇಕೆನಿಸಿತು. ಮಂಗಳವಾರ ನಿಜವಾಗಿಯೂ ಒಂದು ಜೊತೆ ಶೂ ಬಂತು. ಕಾರಣ: ಹೆಂಡತಿಗೆ ಬಣ್ಣ ಹಿಡಿಸಲಿಲ್ಲ. ಗುರುವಾರ ಇನ್ನೊಂದು. ಕಾರಣ: ಅಣ್ಣನೂ ಇದನ್ನೇ ತಂದಿದ್ದಾನೆ. ಪ್ರತಿ ಸಂಜೆ ದೊಡ್ಡಮ್ಮ ಮೆಟ್ಟಿಲ ಮೇಲಿಂದ ಬಗ್ಗಿ ನೋಡುವಳು, ನಾನು ಬೆರಳು ಎತ್ತಿ ತೋರಿಸುವೆನು. ಒಂದು ಬೆರಳು, ಆಮೇಲೆ ಎರಡು.

ಕೊನೆಯ ದಿನ, ಬಾಗಿಲು ಮುಚ್ಚಲು ಇಪ್ಪತ್ತು ನಿಮಿಷವಿರುವಾಗ ಮ್ಯಾನೇಜರು ಬಂದರು. ದೊಡ್ಡಮ್ಮನ ವರ್ಗಾವಣೆ ಕಾಗದ ತಂದಿದ್ದಾರೆ ಎಂದುಕೊಂಡೆ. ಅವರು ಕಂಕುಳಿಂದ ಒಂದು ಶೂ ಡಬ್ಬ ತೆಗೆದು ನನ್ನ ಮುಂದಿಟ್ಟರು.

"ಇದನ್ನ ತಗೊಳ್ಳಿ."

ನಾನು ಚೀಟಿ ಮುಂದೆ ಸರಿಸಿದೆ. ದೇವರಾಣೆಗೂ ನಗಲಿಲ್ಲ. "ಕಾರಣ ನೀವೇ ಬರೀಬೇಕು ಸರ್."

"ಗೊತ್ತು." ಪೆನ್ನು ಹಿಡಿದರು. "ಎರಡು ಜೊತೆ ಕಾಲುಚೀಲ ಹಾಕ್ಕೊಂಡಿದ್ದೆ. ಆದ್ರೂ ಹೆಡ್ ಆಫೀಸಿನ ಆ ಉದ್ದದ ಹಾಲಲ್ಲಿ ಹೆಜ್ಜೆಹೆಜ್ಜೆಗೂ ಟಪ್ ಟಪ್ ಅಂತಿತ್ತು. ಮಾತಾಡ್ತಿದ್ದವರು ನಿಲ್ಲಿಸಿ ನನ್ನ ಕಾಲು ನೋಡಿದ್ರು." ಆಮೇಲೆ ಸಣ್ಣ ಅಕ್ಷರದಲ್ಲಿ ಬರೆದರು: ಸಡಿಲ.

ಇನ್ನು ನನ್ನ ಸರದಿ. ಮಾರಿದವರ ಕಡೆ ದೊಡ್ಡಮ್ಮನ ನಂಬರ್ ತುಂಬಬೇಕು, ಆ ಇಡೀ ವಾರದಲ್ಲಿ ಅವಳ ತಲೆಗೆ ಬರುವ ಒಂದೇ ಒಂದು 'ಸಡಿಲ'. ನನ್ನ ಕೈ ಏಳಲಿಲ್ಲ. ಅವರು ಒಂದು ಕ್ಷಣ ನನ್ನನ್ನು ನೋಡಿ, ಚೀಟಿಯನ್ನು ತಮ್ಮ ಕಡೆ ಎಳೆದುಕೊಂಡು, ಆ ಜಾಗದಲ್ಲಿ ತಮ್ಮ ನಂಬರನ್ನೇ ಬರೆದರು.

"ಅವರು ಬೇಡ ಅಂದಿದ್ರು. ನನಗೆ ನಾನೇ ಮಾರಿಕೊಂಡೆ," ಎಂದರು. "ಒಟ್ಟು ಎಷ್ಟಾಯ್ತು?"

"ಇದೂ ಸೇರಿ ಮೂರು ಸರ್."

ಅವರು ಮೆಟ್ಟಿಲು ಹತ್ತಿದರು. ಕೌಂಟರ್ ಬಿಟ್ಟು ಹೋಗಬಾರದೆಂಬ ನಿಯಮ ನನಗೂ ಗೊತ್ತಿದೆ, ಆದರೂ ಹಿಂದೆ ಹೋದೆ. ದೊಡ್ಡಮ್ಮ ವಿಭಾಗ ಗುಡಿಸಿ, ಸ್ಟೂಲನ್ನು ಬಟ್ಟೆಯಿಂದ ಒರೆಸಿ, ಅದರ ಪಕ್ಕ ತನ್ನ ಚೀಲವನ್ನೂ ಇಟ್ಟುಕೊಂಡು ನಿಂತಿದ್ದಳು. ಮ್ಯಾನೇಜರನ್ನು ನೋಡಿ ಅವಳು ಸ್ಟೂಲಿಗೆ ಕೈ ಹಾಕಿದಳು.

"ಎತ್ಕೊಳ್ಳಲಾ ಸರ್?"

 ಅವರು ಒಂದು ಕುರ್ಚಿಯಲ್ಲಿ ಕೂತರು, ನಮ್ಮ ಕಣ್ಣ ಮುಂದೆ ಮೊದಲ ಸಲ. ಶೂ ಬಿಚ್ಚಿದರು, ಕಾಲುಗಳನ್ನು ರಟ್ಟಿನ ಪೆಟ್ಟಿಗೆಯ ಮೇಲಿಟ್ಟರು. ಹಿಮ್ಮಡಿಗಳು ಕೆಂಪಗಾಗಿದ್ದವು.

"ಈ ಪೆಟ್ಟಿಗೆ ಕುಸೀತಾ ಇದೆ," ಎಂದರು. "ಮುಂದಿನ ಸೀಸನ್‌ಗೆ ಮರದ್ದೇ ಮಾಡಿಸೋಣ. ಎಷ್ಟು ಬೇಕು ಅಂತ ನೀವೇ ಹೇಳಿ."

ದೊಡ್ಡಮ್ಮ ಎರಡು ಕಣ್ಣನ್ನೂ ಸೆರಗಿನಲ್ಲಿ ಒತ್ತಿಕೊಂಡಳು. ನಾನಂತೂ ಬಹಿರಂಗವಾಗಿಯೇ ಅತ್ತೆ, ನನಗೇನು ನಾಚಿಕೆ. ಅವಳು ಚೀಲವನ್ನು ಕೆಳಗಿಟ್ಟು, ಸ್ಟೂಲನ್ನು ಅವರ ಎದುರಿಗೆ ಎಳೆದುಕೊಂಡು ಕೂತಳು.

"ಬೆಳಿಗ್ಗೆಯಿಂದ ಎಷ್ಟು ಹೊತ್ತು ನಿಂತಿದ್ರಿ ಸರ್?" ಎಂದು ಕೇಳಿ, ನನ್ನ ಕಡೆ ತಿರುಗಿದಳು. "ಹೋಗಿ ಕಪ್ಪು ಎಂಟೂವರೆ ತಗೊಂಬಾರೇ. ಓಡಬೇಡ. ಇನ್ನೂ ಹದಿನೈದು ನಿಮಿಷ ಇದೆ."