ಹೆಲನ್ ಟೀಚರ ಇಪ್ಪತ್ತು ಹೆಜ್ಜೆ

ನೈರೋಬಿಯ ಕನ್ನಡಿಗರಲ್ಲಿ ದೇವರ ಪಟವಿಲ್ಲದ ಮನೆ ಸಿಕ್ಕೀತು, ಹೆಲನ್ ಟೀಚರ ಪ್ರವಾಸದ ಕಾರ್ಡು ಇಲ್ಲದ ಮನೆ ಸಿಗದು. ಇಪ್ಪತ್ತು ವರ್ಷದ ಹಿಂದೆ ಶಾಲೆಯ ಮಕ್ಕಳಿಗೆ ಭೂಗೋಳ ಕಲಿಸಲೆಂದು ಬರೆದದ್ದು: ಬೊಗೋರಿಯಾ ಸರೋವರದ ಬಿಸಿನೀರ ಬುಗ್ಗೆಗಳಿಗೆ ದಾರಿ, ಗಾಡಿ ಎಲ್ಲೆಲ್ಲಿ ನಿಲ್ಲಿಸಬೇಕು, ಏನು ನೋಡಬೇಕು. ಎಲ್ಲರ ಆಸೆ ಆರನೆಯ ನಿಲುಗಡೆ. ‘ಒಂಟಿ ಮುಳ್ಳುಮರದಡಿ ನಿಲ್ಲಿಸಿ. ಬಲಕ್ಕೆ ಇಪ್ಪತ್ತು ಹೆಜ್ಜೆ. ಬಿಳಿ ಸುಣ್ಣಕಲ್ಲಿನ ಮೆಟ್ಟಿಲುಗಳ ಮೇಲೆ ನಿಂತು ಬುಗ್ಗೆಯಲ್ಲಿ ಮೊಟ್ಟೆ ಬೇಯಿಸಬಹುದು.’

ಆ ಸಾಲೇ ಈಗ ಟೀಚರ ಗಂಟಲ ಮುಳ್ಳು. ಸರೋವರ ವರ್ಷದಿಂದ ವರ್ಷಕ್ಕೆ ಉಕ್ಕಿ ಹಳೆಯ ಬುಗ್ಗೆಗಳನ್ನು ನುಂಗಿತ್ತು. ನುಂಗಿಸಿಕೊಂಡ ಬಿಸಿನೀರು ಸುಮ್ಮನಿರುತ್ತದೆಯೇ? ನೆಲದಡಿ ಬೇರೆ ದಾರಿ ಹುಡುಕಿತ್ತು. ಹೋದ ತಿಂಗಳು ಅನುಮಾನ ತಾಳಲಾರದೆ ಟೀಚರ್ ಒಬ್ಬರೇ ಹೋಗಿ ನೋಡಿದಾಗ, ಹದಿನೆಂಟನೆಯ ಹೆಜ್ಜೆಯಲ್ಲಿ ಊರುಗೋಲು ಹಿಡಿಯವರೆಗೂ ಒಳಗಿಳಿದಿತ್ತು.

ಸ್ಪ್ರಿಂಗ್ ವ್ಯಾಲಿಯ ಮನೆಯೊಂದರಲ್ಲಿ ಪಿಕ್‌ನಿಕ್ಕಿನ ಸಭೆ ಸೇರಿದ್ದಾಗ ಅದನ್ನೇ ಹೇಳಿದರು. ಏರ್ಪಾಡಿನ ಹೊಣೆ ಹೊತ್ತವನು ಅಪ್ಪರ್ ಹಿಲ್‌ನ ಬ್ಯಾಂಕಿನ ಚಿದಾನಂದ.

“ಟೀಚರ್, ಬರ್ದಿದ್ದೂ ನೀವೇ, ಈಗ ಬೇಡ ಅನ್ನೋದೂ ನೀವೇ. ನಾವು ಯಾವ ಹೆಲನ್ ಟೀಚರ್ ಮಾತು ಕೇಳ್ಬೇಕು?”

“ಬದುಕಿರುವವಳ ಮಾತು ಕೇಳಿ ಮಾರಾಯ್ರೆ!”

“ಐದು ಟ್ರೇ ಮೊಟ್ಟೆ ತಂದಾಗಿದೆ.”

“ನಿಮ್ಮ ಮನೆ ಒಲೆಯಲ್ಲಿ ಮೊಟ್ಟೆ ಬೇಯುವುದಿಲ್ವಾ?”

ಎಲ್ಲರೂ ನಕ್ಕರು. ಪಿಕ್‌ನಿಕ್ ನಿಲ್ಲಲಿಲ್ಲ. ಕಣ್ಣಾರೆ ಕಂಡವರ ಮಾತಿಗಿಂತ ಕಾಗದದ ಮಾತು ಹಗುರ, ಅದು ಎದುರಾಡುವುದಿಲ್ಲ.

ಭಾನುವಾರ ಟೀಚರೂ ಚಿದಾನಂದ ಗೊತ್ತುಮಾಡಿದ್ದ ಬಾಡಿಗೆ ವ್ಯಾನು ಹತ್ತಿದರು. ಮರದಡಿ ನಿಂತದ್ದೇ ತಡ, ಜೊತೆಗೆ ಬಂದಿದ್ದ ಪ್ರಾರ್ಥನಾಳ ಎಂಟು ವರ್ಷದ ಮಗಳು ಮೇಘಾ ಮೊಟ್ಟೆಯ ಬಲೆಚೀಲ ಹಿಡಿದು ಧುಮುಕಿದಳು.

“ಮಮ್ಮಿ, ಐ ವಿಲ್ ಕೌಂಟ್! ಒನ್, ಟೂ, ತ್ರೀ...”

“ಹುಷಾರು ಕಣೇ,” ಎಂದಳು ತಾಯಿ, ಫೋನು ಎತ್ತಿ ವಿಡಿಯೊ ಮಾಡುತ್ತ.

ಟೀಚರಿಗೆ ಎಪ್ಪತ್ತೊಂದು. ಓಡಿದರು. “ನಿಲ್ಲು ಮಗಾ!” ಮಗು ನಿಲ್ಲಲಿಲ್ಲ. “ಟ್ವೆಲ್ವ್, ಥರ್ಟೀನ್...” ಟೀಚರ್ ಅವಳ ಫ್ರಾಕು ಹಿಡಿದೆಳೆದು, ಮುಂದಿನ ಹೆಜ್ಜೆಯ ಜಾಗಕ್ಕೆ ಕೋಲು ಕುಟ್ಟಿದರು. ಕಳಿತ ಹಲಸಿನ ಹಣ್ಣು ಬಡಿದಂಥ ಸದ್ದು. ಮತ್ತೊಮ್ಮೆ ಕುಟ್ಟಿದಾಗ ನೆಲ ಹಪ್ಪಳದಂತೆ ಮುರಿಯಿತು. ಕೈಜಾರಿದ ಚೀಲ ಆ ತೂತಿನೊಳಗೆ ಬಿತ್ತು. ಹಬೆ ಎದ್ದಿತು. ಕೆಳಗೆಲ್ಲೋ ಮೊಟ್ಟೆಗಳು ಒಂದಕ್ಕೊಂದು ಟಕಟಕ ತಾಕುತ್ತ ಕುದಿಯುವುದು ಎಲ್ಲರಿಗೂ ಕೇಳಿಸಿತು. ಯಾರೂ ನಗಲಿಲ್ಲ.

ವಾಪಸು ಬರುತ್ತ, ನೈವಾಶಾ ದಾಟುವಾಗ, ಟೀಚರ ಫೋನು ಸದ್ದು ಮಾಡಿತು; ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಸಂದೇಶ. ‘ತಿದ್ದಿದ ಕಾರ್ಡು. ಆರನೆಯ ನಿಲುಗಡೆ: ಬಲಕ್ಕೆ ಹನ್ನೆರಡು ಹೆಜ್ಜೆ ಮಾತ್ರ. — ಹೆಲನ್ ಟೀಚರ್.’

ಮುಂದಿನ ಸೀಟಿನಿಂದ ಚಿದಾನಂದ ತಿರುಗಿದ. “ಸೇಫ್ಟಿಗೆ ಅಂತ ಕಮ್ಮಿನೇ ಹಾಕಿದೀನಿ ಟೀಚರ್.”

ಅದರ ಕೆಳಗೇ ರಿವರ್‌ಸೈಡಿನ ಮೆಲ್ವಿನ್‌ನ ಉತ್ತರ: ‘ಅಸಾಂಟೆ, ಥ್ಯಾಂಕ್ಸ್! ಮುಂದಿನ ಭಾನುವಾರ ಚರ್ಚಿನ ಮಕ್ಕಳನ್ನ ಕರ್ಕೊಂಡು ನಾವೂ ಹೊರಟಿದ್ದೀವಿ.’

“ಹೋದ ತಿಂಗಳು ಹದಿನೆಂಟು,” ಎಂದರು ಟೀಚರ್. “ಇವತ್ತು ಹದಿನಾಲ್ಕು, ಅದೂ ಮಗುವಿನ ಹೆಜ್ಜೆ. ಮುಂದಿನ ಭಾನುವಾರ ಎಷ್ಟು, ಚಿದಾನಂದ?”

ಟೀಚರ್ ಮೆಲ್ವಿನ್‌ಗೆ ಫೋನು ಮಾಡಿದರು, ಅವನು ಎತ್ತಲಿಲ್ಲ.

ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಇಳಿದಾಗ ಡ್ರೈವರ್ ಕೇಳಿದ, “ಸವಾ, ಮಾಮಾ?” ಎಲ್ಲ ಸರಿಯೇ ಎಂಬ ಆ ಪ್ರಶ್ನೆಗೆ ಟೀಚರ್ ಇಲ್ಲವೆಂದು ತಲೆಯಾಡಿಸಿದರು. ಶನಿವಾರವೇ ತಮ್ಮನ್ನು ಅಲ್ಲಿಗೆ ಕರೆದೊಯ್ಯಬೇಕು, ಮುಳ್ಳುಮರದ ದಾರಿಗೆ ವ್ಯಾನನ್ನು ಅಡ್ಡ ನಿಲ್ಲಿಸಬೇಕು ಎಂದರು.

ಎಷ್ಟು ದಿನ ನಿಲ್ಲಿಸಬೇಕು ಎಂದು ಅವನು ಕೇಳಿದ.

ಟೀಚರ್ ಫೋನು ನೋಡಿದರು. ತಮ್ಮದೇ ಹೆಸರು ಹೊತ್ತ ಕಾರ್ಡು ಅಷ್ಟರಲ್ಲೇ ಬೇರೆ ಎರಡು ಗುಂಪುಗಳಿಂದ ಅವರಿಗೇ ಬಂದಿತ್ತು.