ಚುರ್ ಎಂದದ್ದು ಎಲ್ಲಿ

ಕಾರು ಸ್ಟಾರ್ಟ್ ಆಗುವಾಗ ನಾಲ್ಕೈದು ದಿನದಿಂದ ನರಳುತ್ತಿದೆ ಎಂದು ಇವತ್ತು ಬೆಳಿಗ್ಗೆ ಹೆಂಡತಿ ಹೇಳಿದಳು. "ನನಗೂ ಕೇಳಿಸ್ತು ಬಿಡು" ಎಂದೆ. ಕೇಳಿಸಿರಲಿಲ್ಲ. ಈಚೆಗೆ ಟಿ.ವಿ.ಯ ಸದ್ದು ಏರಿಸಿಕೊಂಡು, ಜನರೆಲ್ಲ ಮೆತ್ತಗೆ ಮಾತಾಡುವುದನ್ನು ಕಲಿತುಬಿಟ್ಟಿದ್ದಾರೆ ಎಂದು ಗೊಣಗುತ್ತ ಕಾಲ ತಳ್ಳುತ್ತಿದ್ದೇನೆ. ಬಾನೆಟ್ ಎತ್ತಿ, ಏನೋ ತಿಳಿದವನ ಹಾಗೆ ಬಗ್ಗಿ ನಿಂತಾಗ ಭದ್ರಾವತಿಯ ಚಿಕ್ಕಪ್ಪ ನೆನಪಾದರು.

ಚಿಕ್ಕಪ್ಪ ಕಬ್ಬಿಣ ಬಡಿಯುವ ಶೆಡ್ಡೊಂದರಲ್ಲಿ ವರ್ಷಗಟ್ಟಲೆ ದುಡಿದು ಕಿವಿಯನ್ನು ಅಲ್ಲೇ ಬಿಟ್ಟು ಬಂದವರು. ಆಮೇಲೆ ಹೂವಿನ ಗಿಡಗಳ ನರ್ಸರಿ ಇಟ್ಟರು. ಗೊಬ್ಬರ, ಕೆಮ್ಮಣ್ಣು ಎಳೆಯಲು ಹಳೆಯ ಪುಟ್ಟ ಟ್ರ್ಯಾಕ್ಟರ್ ಒಂದಿತ್ತು. ಎಮ್ಮೆಗಿಂತ ತುಸು ದೊಡ್ಡದು, ಅಷ್ಟೆ. ಇದು ತೊಂಬತ್ತರ ದಶಕದ ಕೊನೆಯ ಮಾತು. ನಾನಾಗ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಬಾಡಿಗೆ ರೂಮಿನಲ್ಲಿದ್ದೆ. ಭಾನುವಾರ ಬಸ್ಸು ಹತ್ತಿ ಭದ್ರಾವತಿಗೆ ಹೋಗುವುದಕ್ಕೆ ಚಿಕ್ಕಪ್ಪನ ಮೇಲಿನ ಪ್ರೀತಿ ಎಷ್ಟು ಕಾರಣವೋ ಚಿಕ್ಕಮ್ಮನ ಅಕ್ಕಿರೊಟ್ಟಿಯೂ ಅಷ್ಟೇ ಕಾರಣ.

ಕಿವಿ ಕೇಳದು ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಚಿಕ್ಕಪ್ಪ ತುಟಿ ನೋಡಿ ಅಂದಾಜಿನ ಮೇಲೆ ಉತ್ತರ ಕೊಡುತ್ತಿದ್ದರು. ಮಲ್ಲಿಗೆ ಕೇಳಿದವರಿಗೆ ಮೆಣಸಿನ ಸಸಿ ಕೊಟ್ಟದ್ದೂ ಉಂಟು. ಗಿರಾಕಿಗಳು ಅವರ ಎದುರಿಗೇ ಚಿಕ್ಕಮ್ಮನಿಗೆ "ಯಜಮಾನ್ರಿಗೆ ನೀವೇ ಹೇಳ್ಬಿಡಿ" ಎನ್ನಲು ಶುರುಮಾಡಿದ ಮೇಲೆ ಚಿಕ್ಕಪ್ಪ ಜನರ ಹತ್ತಿರ ಬರುವುದನ್ನೇ ಬಿಟ್ಟರು. ಟ್ರ್ಯಾಕ್ಟರಿನ ಮೇಲೆ ಕೂತಾಗ ಮಾತ್ರ ಮೊದಲಿನ ಮನುಷ್ಯ. ಅದೂ ಹೋದರೆ ಇವರು ಪೂರ್ತಿ ಮೂಲೆ ಸೇರುತ್ತಾರೆ ಎಂಬ ಭಯ ಚಿಕ್ಕಮ್ಮನಿಗಿತ್ತು. ನನಗೂ ಇತ್ತು.

ಒಂದು ದಿನ ಟ್ರ್ಯಾಕ್ಟರೂ ಕೈಕೊಟ್ಟಿತು. ಕೀ ತಿರುಗಿಸಿದರೆ ಎಂಜಿನ್ನು ಒಲ್ಲದ ಮನಸ್ಸಿನಿಂದ ಎರಡು ಸುತ್ತು ತಿರುಗಿ ನಿಲ್ಲುವುದು. "ಕಟಕಟ ಅಂತಿದೆ, ಬ್ಯಾಟ್ರಿ ಹೋಗಿದೆ" ಎಂದರು ಚಿಕ್ಕಪ್ಪ. ಕಟಕಟ ಎನ್ನುತ್ತಲೇ ಇರಲಿಲ್ಲ. ಹಿಂದೆ ಎಂದೋ ಕೇಳಿದ್ದನ್ನು ಹೇಳುತ್ತಿದ್ದರು. ಹಾಗಲ್ಲ ಎನ್ನುವ ಧೈರ್ಯ ಯಾರಿಗಿದೆ, ನೀವೇ ಹೇಳಿ. ಹೊಸ ಬ್ಯಾಟರಿ ಬಂತು, ಮತ್ತೆ ಅದೇ ಕಥೆ. ಸ್ಟಾರ್ಟರ್ ಮೋಟಾರನ್ನು ಬಿಚ್ಚಿ, ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ತಂದೆ. ಇದ್ದೊಂದು ಒಳ್ಳೆಯ ಪ್ಯಾಂಟು ಗ್ರೀಸಿಗೆ ಬಲಿಯಾಯಿತು. ಅಲ್ಲಿನ ಮೆಕ್ಯಾನಿಕ್ ಅದನ್ನು ಟೇಬಲ್ಲಿನ ಮೇಲೆ ತಿರುಗಿಸಿ ತೋರಿಸಿ, "ಇದು ಚೆನ್ನಾಗೇ ಇದೆಯಲ್ಲ ಸಾರ್" ಎಂದು ವಾಪಸು ಕೊಟ್ಟ.

ಮುಂದಿನ ಭಾನುವಾರ ಮೋಟಾರನ್ನು ಮತ್ತೆ ಕೂರಿಸಿದೆವು. ಮತ್ತೆ ಅದೇ ನರಳಾಟ. ಚಿಕ್ಕಪ್ಪ ಸ್ಪ್ಯಾನರ್ ಕೆಳಗೆ ಹಾಕಿ, "ಗುಜರಿಗೆ ಕೊಟ್ಬಿಡಣ" ಎಂದರು. ಸಸಿಗಳಿಗೆ ಮಣ್ಣು ತುಂಬುತ್ತಿದ್ದ ಚಿಕ್ಕಮ್ಮ ಎದ್ದು ಬಂದು ಟ್ರ್ಯಾಕ್ಟರಿನ ಪಕ್ಕ ನಿಂತಳು. ಚಿಕ್ಕಪ್ಪ ನೆಲ ನೋಡುತ್ತ ಹೇಳಿದರು:

"ಹೆಂಗೆ ಕೂಗುತ್ತೆ ಹೇಳು ಮಾರಾಯ್ತಿ. ನಂಗೆ ಕೇಳಲ್ಲ."

ನಾನು ಕೀ ತಿರುಗಿಸಿದೆ. ಚಿಕ್ಕಮ್ಮ ನಿಂತಲ್ಲೇ ಅವರ ಕಡೆ ತಿರುಗಿ, ಮಗುವಿಗೆ ಅಕ್ಷರ ಹೇಳಿಕೊಡುವಂತೆ ಬಾಯಿ ದೊಡ್ಡದು ಮಾಡಿದಳು.

"ಗೊ...ರ್. ಗೊ...ರ್. ಮಧ್ಯೆ ಒಂದ್ಸಲ ಚುರ್ ಅಂತು, ಕಾದ ಹಂಚಿಗೆ ನೀರು ಬಿದ್ದಂಗೆ."

"ಚುರ್? ಎಲ್ಲಿ?"

"ಇಲ್ಲೇ, ನನ್ನ ಕಾಲ ಹತ್ರ."

ಅಲ್ಲಿ ಬ್ಯಾಟರಿಯ ಅರ್ತ್ ವೈರು ಟ್ರ್ಯಾಕ್ಟರಿನ ಕಬ್ಬಿಣದ ಮೈಗೆ ಬಂದು ಸೇರುತ್ತಿತ್ತು. ಚಿಕ್ಕಪ್ಪ ಮುಟ್ಟಿದವರೇ ಬಿಸಿಗೆ ಕೈ ಎಳೆದುಕೊಂಡರು. ಬೋಲ್ಟ್ ಬಿಚ್ಚಿದರೆ ಅಡಿಯಲ್ಲೆಲ್ಲ ತುಕ್ಕು, ಕರೆಂಟು ಸರಿಯಾಗಿ ದಾಟುತ್ತಲೇ ಇರಲಿಲ್ಲ. ಉಪ್ಪುಕಾಗದದಿಂದ ತಿಕ್ಕಿ, ಬಿಗಿದು, ಕೀ ತಿರುಗಿಸಿದೆವು. ಟ್ರ್ಯಾಕ್ಟರ್ ಥಟ್ಟನೆ ಎದ್ದಿತು. ಚಿಕ್ಕಪ್ಪನ ಕಣ್ಣು ತುಂಬಿತ್ತು. ಅವರು ಎಂಜಿನ್ನನ್ನು ನೋಡುತ್ತಿರಲಿಲ್ಲ. ಚಿಕ್ಕಮ್ಮನ ಬಾಯನ್ನೇ ನೋಡುತ್ತ ಕಾದಿದ್ದರು. ಚಿಕ್ಕಮ್ಮ ಆ ಸದ್ದನ್ನೂ ಹೇಳಿದಳು.

ಆಮೇಲೆ ಅವರು ಗಿರಾಕಿಗಳಿಗೆ ತಾವೇ "ಜೋರಾಗಿ ಹೇಳಿ, ನಂಗೆ ಕಿವಿ ಕೇಳಲ್ಲ" ಎನ್ನತೊಡಗಿದರು. ಸಂಜೆ ಅಂಗಳದಲ್ಲಿ ಕೂತು ಚಿಕ್ಕಮ್ಮನಿಂದ ಊರಿನ ಸದ್ದುಗಳನ್ನೆಲ್ಲ ಹೇಳಿಸಿಕೊಳ್ಳುತ್ತಿದ್ದರು. ಈಗ ಇಬ್ಬರೂ ಇಲ್ಲ. ನನಗೆ ಅವರಿಬ್ಬರ ಮೇಲೆ ಇವತ್ತು ಹುಟ್ಟಿದಷ್ಟು ಪ್ರೀತಿ ಆಗ ಹುಟ್ಟಿರಲಿಲ್ಲ.

ಬಾನೆಟ್ ಮುಚ್ಚಿದೆ. ಹೆಂಡತಿ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನಂಗೆ ಕೇಳಿಸಿಲ್ಲ ಕಣೆ. ಹೆಂಗೆ ನರಳುತ್ತೆ, ಹೇಳು."

ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಲೋಟ ಕೆಳಗಿಟ್ಟು, ಮೆಟ್ಟಿಲಿಳಿದು, ನನಗೆ ತುಟಿ ಕಾಣುವಷ್ಟು ಹತ್ತಿರ ಬಂದು ನಿಂತಳು.